ಪ್ರೀಮಿಯರ್ ಆದ ಮೇಲೆ ಹೊಸ ಕೃತಿ ಕಪಾಟು ಸೇರದಿರಲು ಒಪ್ಪಂದದಲ್ಲಿ ಏನೇನಿರಬೇಕು?

ಮಧ್ಯಮಕಾಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯ ಒಂದು ಚೇಂಬರ್ ಆರ್ಕೆಸ್ಟ್ರಾ ಮೃದಂಗ ಮತ್ತು ಆರ್ಕೆಸ್ಟ್ರಾಗಾಗಿ 12 ನಿಮಿಷದ ಹೊಸ ಕೃತಿಯೊಂದನ್ನು ಬರೆಸುತ್ತಿದೆ. ಅರ್ಧ ಹಣ ಆರ್ಕೆಸ್ಟ್ರಾದ್ದು, ಉಳಿದರ್ಧ ಅಲ್ಲಿನ ಕನ್ನಡಿಗರು ಕೂಡಿಸಿ ಕೊಡುತ್ತಿರುವುದು. ಒಪ್ಪಂದದ ಕರಡು ಬಂದಿದೆ, ಸಹಿ ಇನ್ನೂ ಆಗಿಲ್ಲ.

ವಾದ್ಯಗಳು: ಫ್ಲೂಟ್, ಓಬೊ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್ ತಲಾ ಎರಡು, ಟಿಂಪನಿ, ತಂತಿವಾದ್ಯಗಳು (ಮೊದಲ ವಯೊಲಿನ್, ಎರಡನೇ ವಯೊಲಿನ್, ವಯೊಲಾ, ಚೆಲ್ಲೊ, ಡಬಲ್ ಬಾಸ್) 8-7-5-4-2, ಮುಂದೆ ಮೃದಂಗ.

ಕರಡಿನಲ್ಲಿ ಇರುವುದು ಇಷ್ಟು. ಪ್ರೀಮಿಯರ್ ದಿನದಿಂದ ಎರಡು ವರ್ಷ ಬೇರೆ ಯಾರೂ ನುಡಿಸುವಂತಿಲ್ಲ. ಕೃತಿ ‘ವರ್ಕ್ ಮೇಡ್ ಫಾರ್ ಹೈರ್’ (ಬರೆಸಿದವರೇ ಹಕ್ಕುದಾರರಾಗುವ ಕೃತಿ) ಎಂದು ಪರಿಗಣಿಸಲಾಗುತ್ತದೆ. ಸ್ಕೋರ್ (ಎಲ್ಲ ವಾದ್ಯಗಳ ಸ್ವರವೂ ಇರುವ ಕಂಡಕ್ಟರ್ ಪ್ರತಿ) ಮತ್ತು ಪಾರ್ಟ್‌ಗಳು (ಒಂದೊಂದು ವಾದ್ಯದ ಸ್ವರಹಾಳೆ) ಮೊದಲ ರಿಹರ್ಸಲ್‌ಗೆ ಮೂರು ವಾರ ಮುಂಚೆ ತಲುಪಬೇಕು, ಅದರ ಖರ್ಚು ಶುಲ್ಕದಲ್ಲೇ ಸೇರಿದೆ. ಶುಲ್ಕದ ಕೊನೆಯ ಕಂತು ಪ್ರೀಮಿಯರ್ ಮುಗಿದ ಮೇಲೆ. ರೆಕಾರ್ಡಿಂಗ್ ಆರ್ಕೆಸ್ಟ್ರಾದ ಆರ್ಕೈವ್‌ಗೆ ಮಾತ್ರ.

ಪ್ರೀಮಿಯರ್ ಬಗ್ಗೆ ಚಿಂತೆಯಿಲ್ಲ. ಅದರ ನಂತರ ಬೇರೆ ಆರ್ಕೆಸ್ಟ್ರಾಗಳು ಇದನ್ನು ಎತ್ತಿಕೊಳ್ಳಬೇಕು, ಬೆಂಗಳೂರಿನಲ್ಲೂ ಯಾವ ರೂಪದಲ್ಲಾದರೂ ಕೇಳಿಸಬೇಕು ಎಂಬ ಆಸೆಯಿದೆ. ಕರಡಿನಲ್ಲಿ ಏನು ಬದಲಾಗಬೇಕು, ಬರೆಯುವಾಗಲೇ ಏನನ್ನು ಗಮನಿಸಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

——

ಎರಡನೇಕಛೇರಿ ಉತ್ತರ:

ಸಹಿ ಹಾಕುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಎರಡನೇ ಸಲ ನುಡಿಸುವುದು ಸಾಧ್ಯವೋ ಇಲ್ಲವೋ ಎಂಬುದರ ಅರ್ಧ ಭಾಗ ಈ ನಾಲ್ಕೈದು ಸಾಲುಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

ಮೊದಲು ‘ವರ್ಕ್ ಮೇಡ್ ಫಾರ್ ಹೈರ್’ ಸಾಲು. ಅದನ್ನು ಪೂರ್ತಿ ಹೊಡೆದುಹಾಕಿಸಿ. ಅಮೆರಿಕದ 1976ರ ಕಾಪಿರೈಟ್ ಕಾಯ್ದೆಯಲ್ಲಿ ಸಂಬಳದ ನೌಕರರಲ್ಲದವರು ಬರೆದ ಕೃತಿ ಈ ವರ್ಗಕ್ಕೆ ಸೇರಬೇಕಾದರೆ ಅದು ಒಂಬತ್ತು ಬಗೆಗಳಲ್ಲಿ ಒಂದಾಗಿರಬೇಕು: ಸಿನಿಮಾದ ಭಾಗ, ಅನುವಾದ, ಪಠ್ಯಪುಸ್ತಕ, ಭೂಪಟ ಪುಸ್ತಕ ಹೀಗೆ. ಕಛೇರಿಯಲ್ಲಿ ನುಡಿಸುವ ಸ್ವತಂತ್ರ ಕೃತಿ ಆ ಪಟ್ಟಿಯಲ್ಲಿಲ್ಲ. ಹಾಗಿದ್ದರೆ ಆ ಸಾಲು ಇದ್ದರೇನಂತೆ ಎನ್ನಬೇಡಿ. ಅದರ ಬೆನ್ನಿಗೇ ‘ಇಲ್ಲವಾದಲ್ಲಿ ಎಲ್ಲ ಹಕ್ಕುಗಳನ್ನೂ ಆರ್ಕೆಸ್ಟ್ರಾಗೆ ವರ್ಗಾಯಿಸಲಾಗಿದೆ’ ಎಂಬ ವಾಕ್ಯ ಸಾಮಾನ್ಯವಾಗಿ ಇರುತ್ತದೆ. ಸಹಿ ಬಿದ್ದರೆ ಆ ವರ್ಗಾವಣೆ ಊರ್ಜಿತ. ಆಮೇಲೆ ಬೇರೆ ಆರ್ಕೆಸ್ಟ್ರಾ ಕೇಳಿದರೆ ಪಾರ್ಟ್ ಕಳಿಸುವ ಅಧಿಕಾರವೂ ನಿಮಗಿರುವುದಿಲ್ಲ. ಹಕ್ಕು ರಚನಕಾರರದ್ದು, ಆರ್ಕೆಸ್ಟ್ರಾಗೆ ಸಿಗುವುದು ಮೊದಲ ಬಾರಿ ನುಡಿಸುವ ಅವಕಾಶ, ಸ್ಕೋರ್‌ನ ಮೊದಲ ಪುಟದಲ್ಲಿ ಹೆಸರು, ಮುಂದೆ ಯಾರು ನುಡಿಸಿದರೂ ಕಾರ್ಯಕ್ರಮ ಪತ್ರಿಕೆಯಲ್ಲಿ ‘ಇವರಿಗಾಗಿ ಬರೆದದ್ದು’ ಎಂಬ ಸಾಲು. ಕನ್ನಡಿಗರ ಬಳಗದ ಹೆಸರೂ ಅದೇ ಸಾಲಿನಲ್ಲಿ ಬರಬೇಕು. ಅದರ ಒಕ್ಕಣೆಯನ್ನು ಒಪ್ಪಂದದಲ್ಲೇ ಅಕ್ಷರಶಃ ಬರೆಸಿ, ಆಮೇಲೆ ಜಗಳವಿರುವುದಿಲ್ಲ.

ಎರಡು ವರ್ಷದ ಪ್ರತ್ಯೇಕ ಹಕ್ಕು ತುಂಬ ಜಾಸ್ತಿ. ಆರು ತಿಂಗಳಿಂದ ಒಂದು ವರ್ಷ ಸಾಕು, ಅದೂ ನ್ಯೂಜೆರ್ಸಿ ಮತ್ತು ಅಕ್ಕಪಕ್ಕದ ಪ್ರದೇಶಕ್ಕೆ ಮಾತ್ರ. ಅವರ ಪ್ರೇಕ್ಷಕರು ಕ್ಯಾಲಿಫೋರ್ನಿಯಾಕ್ಕೋ ಬೆಂಗಳೂರಿಗೋ ಹೋಗಿ ಟಿಕೆಟ್ ಕೊಳ್ಳುವುದಿಲ್ಲವಲ್ಲ. ಎಲ್ಲರೂ ಮರೆಯುವ ಇನ್ನೊಂದು ಅಂಶವಿದೆ: ಸ್ಕೋರ್ ಕೊಟ್ಟು 18 ತಿಂಗಳಾದರೂ ಪ್ರೀಮಿಯರ್ ನಡೆಯದಿದ್ದರೆ ಅವರ ಮೊದಲ ಹಕ್ಕು ತಾನಾಗಿ ರದ್ದಾಗಬೇಕು. ಕಂಡಕ್ಟರ್ ಬದಲಾದರು, ಬಜೆಟ್ ಕುಸಿಯಿತು ಅಂತ ಕಛೇರಿ ಮುಂದೂಡುತ್ತಲೇ ಹೋದರೆ ಕೃತಿ ಯಾರಿಗೂ ಸಿಗದೆ ಕೂತಿರುತ್ತದೆ. ಇದೇ ಕಾರಣಕ್ಕೆ ಕೊನೆಯ ಕಂತನ್ನೂ ಪ್ರೀಮಿಯರ್‌ಗೆ ಕಟ್ಟಬಾರದು. ಅರ್ಧ ಸಹಿಯ ದಿನ, ಅರ್ಧ ಸ್ಕೋರ್ ಮತ್ತು ಪಾರ್ಟ್ ತಲುಪಿದ ದಿನ. ಬರೆಯುವವರ ಕೆಲಸ ಅಲ್ಲಿಗೆ ಮುಗಿದಿರುತ್ತದೆ.

ಪಾರ್ಟ್ ತಯಾರಿಯ ಖರ್ಚು ಶುಲ್ಕದೊಳಗೆ ಬೇಡ, ಬೇರೆ ಸಾಲಿನಲ್ಲಿ ಬರಲಿ. ಒಳಗೇ ಸೇರಿಸಿದರೆ ಏನಾಗುತ್ತದೆ ಎಂದು ಹಾಳೆತಿರುವು ಹೇಳುತ್ತಾರೆ, ಅದು ಅವರ ಕ್ಷೇತ್ರ.

ರೆಕಾರ್ಡಿಂಗ್ ವಿಷಯದಲ್ಲಿ ಮಾತ್ರ ಪಟ್ಟು ಸಡಿಲಿಸಬೇಡಿ. ಅಮೆರಿಕದಲ್ಲಿ ವಾದಕರ ಯೂನಿಯನ್ ಒಪ್ಪಂದವಿದ್ದರೆ ಕಛೇರಿಯ ಧ್ವನಿಮುದ್ರಣವನ್ನು ಯೂಟ್ಯೂಬ್‌ಗೆ ಹಾಕಲು ಅವರು ಸುಲಭಕ್ಕೆ ಬಿಡುವುದಿಲ್ಲ, ಅದಕ್ಕೆ ವಾದಕರಿಗೆ ಬೇರೆ ಹಣ ಕೊಡಬೇಕಾಗಬಹುದು. ಆದರೆ ‘ರಚನಕಾರರಿಗೆ ಒಂದು ಪ್ರತಿ, ಕಂಡಕ್ಟರ್‌ಗಳಿಗೆ, ಅನುದಾನ ಸಮಿತಿಗಳಿಗೆ ಪಾಸ್‌ವರ್ಡ್ ಇರುವ ಲಿಂಕ್ ಮೂಲಕ ಕೇಳಿಸಬಹುದು, ಮಾರಾಟ, ಪ್ರಸಾರ ಇಲ್ಲ’ ಎಂಬ ಸಾಲಿಗೆ ಬಹುಪಾಲು ಆರ್ಕೆಸ್ಟ್ರಾಗಳು ಒಪ್ಪುತ್ತವೆ. ಈಗಲೇ ಕೇಳಿ. ಪ್ರೀಮಿಯರ್ ಮುಗಿದ ಮೇಲೆ ಕೇಳಿದರೆ ಯೂನಿಯನ್ ಸಮಿತಿ, ವಕೀಲರು ಅಂತ ವರ್ಷ ಕಳೆಯುತ್ತದೆ. ಕೇಳಿಸಲು ಏನೂ ಇಲ್ಲದ ಕೃತಿಯನ್ನು ಬರೀ ಸ್ಕೋರ್ ನೋಡಿ ಆರಿಸುವ ವ್ಯವಧಾನ ಇವತ್ತು ತೀರ ಕಡಿಮೆ ಕಂಡಕ್ಟರ್‌ಗಳಿಗಿದೆ.

ಈ ವಿಷಯದಲ್ಲಿ ನಮ್ಮವರದೇ ಒಂದು ದೊಡ್ಡ ಉದಾಹರಣೆ ಇದೆ. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮೇಲೆ ಅವರ ಕೊನೆಯ ನಾಲ್ಕು ಗೀತೆಗಳ ಪ್ರೀಮಿಯರ್ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ. ಅದಕ್ಕೆ 4,800 ಡಾಲರ್ ಖಾತರಿ ಹಣ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರ್. ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳಿಸಬೇಕು ಎಂಬುದು ಆ ಹಣದ ಉದ್ದೇಶವಾಗಿತ್ತು. ಆ ಮುದ್ರಣ ಇಂದಿಗೂ ಉಳಿದಿದೆ. ಅದು ಅವರು ಬರೆಸಿದ ಕೃತಿಯಲ್ಲ, ಆದರೂ ಹಣ ಕೊಡುವವರು ಏನನ್ನು ಕೇಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ. ನಿಮ್ಮ ಕನ್ನಡಿಗರ ಬಳಗ ತನ್ನ ಪಾಲಿನ ಒಂದಂಶವನ್ನು ‘ಇದು ಧ್ವನಿಮುದ್ರಣಕ್ಕೆ’ ಎಂದು ಗುರುತಿಸಿ ಕೊಟ್ಟರೆ ಆರ್ಕೆಸ್ಟ್ರಾ ಆಡಳಿತಕ್ಕೂ ಯೂನಿಯನ್ ಜೊತೆ ಮಾತಾಡುವುದು ಸುಲಭವಾಗುತ್ತದೆ.

——

ಹಾಳೆತಿರುವು ಉತ್ತರ:

ಪಾರ್ಟ್‌ಗಳ ಬಗ್ಗೆ. ಹೊಸ ಕೃತಿ ಎರಡನೇ ಸಲ ನುಡಿಸದೆ ಹೋಗಲು ಸಂಗೀತ ಚೆನ್ನಾಗಿಲ್ಲದಿರುವುದೇ ಕಾರಣವಾಗಬೇಕಿಲ್ಲ. ಪಾರ್ಟ್ ಕೆಟ್ಟದಾಗಿದ್ದು ರಿಹರ್ಸಲ್ ಸಮಯ ಪ್ರಶ್ನೆ ಕೇಳುವುದರಲ್ಲೇ ಕಳೆದುಹೋದರೆ ವಾದಕರ ನೆನಪಿನಲ್ಲಿ ಉಳಿಯುವುದು ಆ ಕಿರಿಕಿರಿಯೇ. ಆರ್ಕೆಸ್ಟ್ರಾ ಲೈಬ್ರರಿಯನ್‌ಗಳು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ.

ಮೂರು ವಾರ ಸಾಲದು. ಮೊದಲ ರಿಹರ್ಸಲ್‌ಗೆ ಎರಡು ತಿಂಗಳು ಮುಂಚೆ ಪಾರ್ಟ್ ತಲುಪಬೇಕು. ತಂತಿವಾದ್ಯದ ಒಂದೊಂದು ಮಾಸ್ಟರ್ ಪ್ರತಿಗೆ ಕನ್ಸರ್ಟ್‌ಮಾಸ್ಟರ್ (ಮೊದಲ ವಯೊಲಿನ್ ಮುಖ್ಯಸ್ಥರು) ಮತ್ತು ಉಳಿದ ವಿಭಾಗಗಳ ಮುಖ್ಯಸ್ಥರು ಬೌಯಿಂಗ್ (ಬಿಲ್ಲು ಎಳೆಯುವ ದಿಕ್ಕಿನ) ಗುರುತು ಹಾಕಬೇಕು, ಅದನ್ನು ಲೈಬ್ರರಿಯನ್ ಎಲ್ಲ ಸ್ಟ್ಯಾಂಡಿಗೂ ಇಳಿಸಬೇಕು, ಆಮೇಲೆ ವಾದಕರು ಮನೆಯಲ್ಲಿ ಅಭ್ಯಾಸ ಮಾಡಬೇಕು. ಮೂರು ವಾರದಲ್ಲಿ ಇದರಲ್ಲಿ ಕೊನೆಯದಕ್ಕೆ ಸಮಯವೇ ಉಳಿಯುವುದಿಲ್ಲ.

ಲೆಕ್ಕ: ಗಾಳಿವಾದ್ಯ 12, ಟಿಂಪನಿ 1, ಮೃದಂಗ 1. ತಂತಿವಾದ್ಯದಲ್ಲಿ ಇಬ್ಬರಿಗೆ ಒಂದು ಸ್ಟ್ಯಾಂಡ್. 8-7-5-4-2 ಅಂದರೆ 4, 4, 3, 2, 1 ಸ್ಟ್ಯಾಂಡ್, ಒಟ್ಟು 14. ಅಲ್ಲಿಗೆ 28 ಪಾರ್ಟ್. ಮುಂದೆ 14-12-10-8-6 ಇರುವ ದೊಡ್ಡ ಆರ್ಕೆಸ್ಟ್ರಾ ಕೇಳಿದರೆ ತಂತಿಗೇ 25 ಬೇಕು. ಹಾಗಾಗಿ ತಂತಿಯ ಪ್ರತಿ ವಿಭಾಗಕ್ಕೂ ಗುರುತಿಲ್ಲದ ಶುದ್ಧ ಮಾಸ್ಟರ್ ಒಂದನ್ನು ಎತ್ತಿಡಿ.

ಸ್ವರಸಾಲಿನ ಐದು ಗೆರೆಗಳ ಎತ್ತರ 7.5ರಿಂದ 8 ಮಿ.ಮೀ. ಇರಲಿ, 7ಕ್ಕಿಂತ ಕೆಳಗಿಳಿಸಬೇಡಿ. ಎ4 ಹಾಳೆ ಆರ್ಕೆಸ್ಟ್ರಾ ಪಾರ್ಟ್‌ಗೆ ಚಿಕ್ಕದು, ಅಮೆರಿಕದಲ್ಲಿ 9×12 ಅಥವಾ 10×13 ಇಂಚು ನಡೆಯುತ್ತದೆ. ಮಾಮೂಲಿ ಜೆರಾಕ್ಸ್ ಕಾಗದ ಬೇಡವೇ ಬೇಡ, ಸ್ಟ್ಯಾಂಡ್ ದೀಪದಲ್ಲಿ ಹಿಂದಿನ ಪುಟದ ಸ್ವರಗಳು ಮುಂದಕ್ಕೆ ಕಾಣುತ್ತವೆ. 100ರಿಂದ 120 ಜಿಎಸ್‌ಎಂ, ಬಿಳಿಗಿಂತ ತುಸು ಕೆನೆಬಣ್ಣವಾದರೆ ಕಣ್ಣಿಗೆ ಹಿತ. ಪುಸ್ತಕದಂತೆ ಮಡಚಿ ಪಿನ್ ಹೊಡೆಯಿರಿ. ಸ್ಪೈರಲ್ ಹಾಕಿದರೆ ಪುಟ ತಿರುಗಿಸುವ ಸದ್ದು ನಿಶ್ಶಬ್ದ ಜಾಗದಲ್ಲಿ ಮೈಕಿಗೇ ಹೋಗುತ್ತದೆ.

ಪುಟ ತಿರುವುವ ಜಾಗ ಎಲ್ಲಕ್ಕಿಂತ ಮುಖ್ಯ. ಗಾಳಿವಾದ್ಯದವರಿಗೆ ಪುಟದ ಕೊನೆಯಲ್ಲಿ ಕನಿಷ್ಠ ಮೂರು ನಾಲ್ಕು ಸೆಕೆಂಡ್ ಬಿಡುವು ಬೇಕೇಬೇಕು. ತಂತಿಯಲ್ಲಿ ಒಳಗಡೆ ಕೂತವರು ತಿರುಗಿಸುತ್ತಾರೆ, ಅಷ್ಟು ಹೊತ್ತು ಆ ವಿಭಾಗದ ಅರ್ಧ ಧ್ವನಿ ನಿಲ್ಲುತ್ತದೆ. ನಿಮ್ಮ ಡಬಲ್ ಬಾಸ್ ಇಬ್ಬರೇ, ಒಂದೇ ಸ್ಟ್ಯಾಂಡ್. ಜೋರಾದ ಜಾಗದಲ್ಲಿ ತಿರುವು ಬಂದರೆ ಬಾಸ್ ಅರ್ಧವಾಗುವುದು ಹಾಲ್‌ನಲ್ಲಿ ಕೂತವರಿಗೆಲ್ಲ ಗೊತ್ತಾಗುತ್ತದೆ. ಬಿಡುವು ಸಿಗದಿದ್ದರೆ ಪುಟದ ಕೆಳಗೆ ಮೂರು ಸಾಲು ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಹೋಗಿ. ಕಾಗದ ಹೆಚ್ಚಾದರೆ ನಷ್ಟವಿಲ್ಲ.

ಪ್ರತಿ ಸಾಲಿನ ಶುರುವಿಗೆ ಬಾರ್ ಸಂಖ್ಯೆ ಹಾಕಿ. 20 ಬಾರ್‌ಗಿಂತ ಹೆಚ್ಚು ಸುಮ್ಮನಿದ್ದು ಮತ್ತೆ ಸೇರುವವರಿಗೆ ಪಕ್ಕದ ವಾದ್ಯದ ಎರಡು ಮೂರು ಬಾರ್ ಸಣ್ಣ ಅಕ್ಷರದಲ್ಲಿ ಕ್ಯೂ ಕೊಡಿ. ಆ ಕ್ಯೂ ಅವರಿಗೆ ಕೂತಲ್ಲಿಂದ ನಿಜವಾಗಿ ಕೇಳಿಸುವ ವಾದ್ಯದ್ದಾಗಿರಲಿ. ಎರಡನೇ ಹಾರ್ನ್‌ಗೆ ವಯೊಲಾ ಕ್ಯೂ ಕೊಟ್ಟರೆ ಪ್ರಯೋಜನವಿಲ್ಲ, ಟಿಂಪನಿಯದೋ ಟ್ರಂಪೆಟ್‌ನದೋ ಕೊಡಿ.

ಇನ್ನು ಪ್ರೀಮಿಯರ್ ಆದ ಮೇಲಿನ ವಾರ. ತಪ್ಪುಗಳ ಪಟ್ಟಿ ಆಗಲೇ ಆಗಬೇಕು: ‘ಬಾರ್ 87, ಹಾರ್ನ್ 2, ಮೂರನೇ ಬೀಟ್, ಎಫ್ ನ್ಯಾಚುರಲ್’ ಎಂಬಷ್ಟು ಖಚಿತವಾಗಿ. ವಾದಕರು ಪೆನ್ಸಿಲ್‌ನಲ್ಲಿ ಬರೆದುಕೊಂಡ ಗುರುತುಗಳಿರುವ ಪಾರ್ಟ್‌ಗಳನ್ನು ಅಳಿಸುವ ಮುಂಚೆ ಸ್ಕ್ಯಾನ್ ಮಾಡಿಸಿ. ಮೂವರು ನಾಲ್ವರು ಒಂದೇ ಜಾಗದಲ್ಲಿ ಕನ್ನಡಕದ ಚಿತ್ರ (‘ಇಲ್ಲಿ ಎಚ್ಚರ’ ಎಂಬ ಗುರುತು) ಬರೆದಿದ್ದರೆ ಆ ಜಾಗದ ಬರವಣಿಗೆಯಲ್ಲೇ ತೊಂದರೆಯಿದೆ, ತಿದ್ದಿ. ಬೌಯಿಂಗ್ ಗುರುತಿರುವ ತಂತಿ ಪಾರ್ಟ್‌ಗಳ ಪಿಡಿಎಫ್ ಇದ್ದರೆ ಎರಡನೇ ಆರ್ಕೆಸ್ಟ್ರಾದ ಲೈಬ್ರರಿಯನ್‌ಗೆ ಒಂದು ವಾರದ ಕೆಲಸ ಉಳಿಯುತ್ತದೆ.

ಪ್ರತಿ ಪುಟದ ಅಡಿಯಲ್ಲಿ ಆವೃತ್ತಿಯ ದಿನಾಂಕ ಹಾಕುವುದನ್ನು ಬಿಡಬೇಡಿ. ಪ್ರೀಮಿಯರ್ ನಂತರ ನಾಲ್ಕು ಬಾರ್ ಕತ್ತರಿಸಿ ಸ್ಕೋರ್ ಮಾತ್ರ ಹೊಸದು ಕಳಿಸಿದರೆ, ಕಂಡಕ್ಟರ್ ‘ಬಾರ್ 140’ ಎಂದಾಗ ವಾದಕರು ಬೇರೆಲ್ಲೋ ಇರುತ್ತಾರೆ. ಕತ್ತರಿಸಿದರೆ ಎಲ್ಲ 28 ಪಾರ್ಟ್ ಹೊಸದಾಗಿ ತೆಗೆಯಿರಿ, ಇಲ್ಲವೇ ಸಂಖ್ಯೆ ಬದಲಿಸದೆ ‘112–115 ಇಲ್ಲ’ ಎಂದು ಗುರುತಿಸಿ. ಬದಲಾಯಿಸಲು ಹಿಂಜರಿಯಬೇಕಿಲ್ಲ. ಬಾರ್ಟೋಕ್ ಅವರ ಕನ್ಚರ್ಟೊ ಫಾರ್ ಆರ್ಕೆಸ್ಟ್ರಾ 1944ರ ಡಿಸೆಂಬರ್ 1ರಂದು ಬಾಸ್ಟನ್‌ನಲ್ಲಿ ಮೊದಲು ಕೇಳಿಸಿತು. ಮರುವರ್ಷವೇ ಅವರು ಅದಕ್ಕೆ ಇನ್ನೂ ಉದ್ದದ ಮುಕ್ತಾಯ ಬರೆದರು. ಇವತ್ತು ಎಲ್ಲೆಡೆ ನುಡಿಸುವುದು ಹೆಚ್ಚಾಗಿ ಅದನ್ನೇ. ಪರಿಷ್ಕರಣೆಯ ಹಕ್ಕು ನಿಮಗಿದೆ ಎಂದು ಒಪ್ಪಂದದಲ್ಲಿ ಒಂದು ಸಾಲು ಇರಲಿ.

ಇಷ್ಟಕ್ಕೂ ಹಣ, ಸಮಯ ಎರಡೂ ಬೇಕು. ಪಾರ್ಟ್ ಖರ್ಚು ಶುಲ್ಕದೊಳಗೇ ಇದ್ದರೆ ಬರೆಯುವವರು ಉಳಿತಾಯಕ್ಕೆಂದು ಸಾಫ್ಟ್‌ವೇರ್ ತಾನಾಗಿ ಉಗುಳಿದ ಪಾರ್ಟ್‌ಗಳನ್ನೇ ಕಳಿಸಿಬಿಡುತ್ತಾರೆ. ಮೇಲಿನ ತೊಂದರೆಗಳೆಲ್ಲ ಅಲ್ಲಿಂದ ಶುರು.

——

ಅರುದಿ_ತೀರ್ಮಾನ ಉತ್ತರ:

ಮೃದಂಗದ ಪಾರ್ಟ್ ಬಗ್ಗೆ ಯಾರೂ ಹೇಳಿಲ್ಲ. ಈ ಕೃತಿಯ ಆಯಸ್ಸು ಅದರ ಮೇಲೇ ನಿಂತಿದೆ.

ಮೊದಲ ಸಲ ನುಡಿಸುವ ವಿದ್ವಾಂಸರು ರಚನಕಾರರ ಜೊತೆ ಕೂತು ಬಾಯಿಪಾಠ ಮಾಡಿಕೊಂಡು ನುಡಿಸಿಬಿಡುತ್ತಾರೆ. ಕಾಗದದಲ್ಲಿ ‘ಇಲ್ಲಿ ಮೃದಂಗ’ ಎಂದಷ್ಟೇ ಇರುತ್ತದೆ. ಅವರಿಗೆ ಬಿಡುವಿಲ್ಲದಿದ್ದರೆ ಕೃತಿ ಅಲ್ಲಿಗೇ ನಿಂತಿತು. ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಬರೆಸಿದ ಜಾಕಿರ್ ಹುಸೇನ್ ಅವರ ತಬಲಾ ಕನ್ಚರ್ಟೊ (ಒಂಟಿ ವಾದ್ಯ ಮತ್ತು ಆರ್ಕೆಸ್ಟ್ರಾದ ಕೃತಿ) ‘ಪೇಶ್ಕಾರ್’ 2015ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಗಿ, ಆಮೇಲೆ ಸ್ವಿಟ್ಜರ್ಲೆಂಡ್, ಬ್ರಿಟನ್ ಪ್ರವಾಸಗಳಲ್ಲೂ ಕೇಳಿಸಿತು. ಬರೆದವರೂ ಅವರೇ, ಮುಂದೆ ಕೂತು ನುಡಿಸಿದವರೂ ಅವರೇ. 2024ರ ಡಿಸೆಂಬರ್‌ನಲ್ಲಿ ಅವರು ಹೋದರು. ಇಂಥ ಕೃತಿಗಳು ಇನ್ನೊಬ್ಬರ ಕೈಗೆ ದಾಟಬೇಕು, ಅದಕ್ಕೆ ದಾರಿ ಬರೆಯುವಾಗಲೇ ಆಗಬೇಕು. ರವಿಶಂಕರ್ ಅವರ ಸಿತಾರ್ ಕನ್ಚರ್ಟೊಗಳನ್ನು ಮಗಳು ಅನುಷ್ಕಾ ಮುಂದುವರಿಸಿದರು, ಆದರೆ ಎಲ್ಲ ಕೃತಿಗೂ ಮನೆಯಲ್ಲೇ ಶಿಷ್ಯರಿರುವುದಿಲ್ಲ.

ಮೃದಂಗಕ್ಕೆ ಎರಡು ಬಗೆಯ ಪಾರ್ಟ್ ಮಾಡಿ. ಒಂದು, ಕಂಡಕ್ಟರ್ ಸ್ಕೋರ್‌ಗೆ ಹೊಂದುವ ಪಾಶ್ಚಾತ್ಯ ಲಿಪಿಯದು. ಇನ್ನೊಂದು, ಆ ಲಿಪಿ ಓದದ ವಿದ್ವಾಂಸರಿಗೆ ತಾಳದ ಪಟ್ಟಿ: ಬಾರ್ ಸಂಖ್ಯೆ, ಎಷ್ಟು ಆವರ್ತ (ತಾಳದ ಸುತ್ತು), ಆರ್ಕೆಸ್ಟ್ರಾ ಏನು ಮಾಡುತ್ತಿದೆ, ಯಾವ ನಡೆ (ಒಂದು ಎಣಿಕೆಗೆ ಎಷ್ಟು ಮಾತ್ರೆ), ಎಲ್ಲಿ ಖಚಿತವಾದ ಸೊಲ್ಲು (ಬಾಯಲ್ಲಿ ಹೇಳುವ ಹೊಡೆತದ ಅಕ್ಷರ), ಎಲ್ಲಿ ಸ್ವಂತ ಮನೋಧರ್ಮ (ಆ ಕ್ಷಣದ ಕಲ್ಪನೆ). ಜೊತೆಗೆ ಸೊಲ್ಲನ್ನು ಬಾಯಲ್ಲಿ ಹೇಳಿ ಮುದ್ರಿಸಿದ ಫೈಲ್, ಮತ್ತು ಮೃದಂಗವಿಲ್ಲದೆ ಆರ್ಕೆಸ್ಟ್ರಾ ಮಾತ್ರ ಇರುವ ಅಭ್ಯಾಸದ ಟ್ರ್ಯಾಕ್.

ಬಾರ್ ಹೇಗೆ ಕತ್ತರಿಸುತ್ತೀರಿ ಎಂಬುದು ರಿಹರ್ಸಲ್ ಸಮಯವನ್ನು ನಿರ್ಧರಿಸುತ್ತದೆ. ಆದಿತಾಳದ ಒಂದು ಆವರ್ತವನ್ನು ಎರಡು 4/4 ಬಾರ್ ಎಂದು ಬರೆಯಿರಿ. ಚತುರಶ್ರದಲ್ಲಿ, ಅಂದರೆ ಬೀಟ್‌ಗೆ ನಾಲ್ಕರಂತೆ, ಅದು 32 ಮಾತ್ರೆ. ‘ತದಿಗಿಣತೊಂ’ ಮೂರು ಸಲ, ನಡುವೆ ಎರಡೆರಡು ಮಾತ್ರೆ ಕಾರ್ವೆ (ಬಿಡುವು): 5+2+5+2+5, ಒಟ್ಟು 19. ಸಮಕ್ಕೆ (ಆವರ್ತದ ಮೊದಲ ಎಣಿಕೆಗೆ) ಬೀಳಬೇಕಾದರೆ ಮೊದಲ 13 ಮಾತ್ರೆ ಬಿಟ್ಟು ಎತ್ತಬೇಕು, ಅಂದರೆ ಮೊದಲ ಬಾರ್‌ನ ನಾಲ್ಕನೇ ಬೀಟ್‌ನ ಎರಡನೇ ಹದಿನಾರಂಶ. ಇದನ್ನು ಆರ್ಕೆಸ್ಟ್ರಾ ಜೊತೆಗೂಡಿ ನುಡಿಸಬೇಕಿದ್ದರೆ 5/16, 2/16 ಎಂದು ಬಾರ್ ಒಡೆಯಬೇಡಿ. 4/4 ಹಾಗೇ ಇಟ್ಟು ಸೊಲ್ಲು ಶುರುವಾಗುವ ಜಾಗಕ್ಕೆ ಒತ್ತು ಗುರುತು ಹಾಕಿ. ಕಂಡಕ್ಟರ್ ಕೈ ತಾಳ ಹಾಕುವವರ ಕೈಯಂತೆ ಸ್ಥಿರವಾಗಿರುತ್ತದೆ, ಸಮ ಎಲ್ಲಿದೆ ಎಂದು ಮೃದಂಗದವರಿಗೂ ಕಾಣುತ್ತದೆ. ಬಾರ್ ಒಡೆದರೆ ಆರ್ಕೆಸ್ಟ್ರಾ ಎಣಿಸುತ್ತಲೇ ಕೂರುತ್ತದೆ, ಮೃದಂಗದವರಿಗೆ ಆ ಕೈ ನೋಡಿ ತಾಳವೇ ತಪ್ಪುತ್ತದೆ. ಮಿಶ್ರಛಾಪು ಬಂದರೆ 3+2+2 ಎಂದು 7/8 ಬರೆಯಬಹುದು, ಅದು ಇಬ್ಬರಿಗೂ ಒಗ್ಗುತ್ತದೆ.

ತನಿಯ (ಮೃದಂಗ ಒಂದೇ ನುಡಿಯುವ) ಭಾಗಕ್ಕೆ ಅಳತೆ ಕೊಡಿ. ನಿಮಿಷಕ್ಕೆ 96 ಬೀಟ್ ವೇಗದಲ್ಲಿ ಆದಿತಾಳದ 16 ಆವರ್ತ ಅಂದರೆ 128 ಬೀಟ್, 80 ಸೆಕೆಂಡ್. ಅಷ್ಟರಲ್ಲಿ ಏನು ನುಡಿಸುತ್ತಾರೋ ಅದು ಅವರ ಸ್ವಾತಂತ್ರ್ಯ, ಕೊನೆಯ ಎರಡು ಆವರ್ತದ ಮುಕ್ತಾಯ ಮಾತ್ರ ನೀವು ಬರೆದದ್ದೇ ಇರಲಿ. ಆರ್ಕೆಸ್ಟ್ರಾ ಮತ್ತೆ ಸೇರಲು ಅದೇ ಗುರುತು. ಇಷ್ಟನ್ನು ಮಾಡಿದರೆ ಬೇ ಏರಿಯಾದಲ್ಲೋ ಟೆಕ್ಸಾಸ್‌ನಲ್ಲೋ ಇರುವ ಒಳ್ಳೆಯ ವಾದಕರು ಎರಡು ವಾರದಲ್ಲಿ ಸಿದ್ಧರಾಗಬಹುದು. ಭಾರತದಿಂದ ಕರೆಸುವ ವಿಮಾನ, ವೀಸಾ ಖರ್ಚು ಉಳಿದರೆ ಎರಡನೇ ಆರ್ಕೆಸ್ಟ್ರಾ ಒಪ್ಪುವುದು ಸುಲಭ.

ಶ್ರುತಿ ಮರೆಯಬೇಡಿ. ಮೃದಂಗದ ಬಲಮುಚ್ಚಿಗೆ ಆಧಾರ ಷಡ್ಜಕ್ಕೆ ಸೇರಿರುತ್ತದೆ. ಒಂದು ಮನೆ ಶ್ರುತಿಗೆ, ಅಂದರೆ ಸಿ ಸ್ವರಕ್ಕೆ, ಕೂಡಿಸಿದ ಮೃದಂಗ ಆರ್ಕೆಸ್ಟ್ರಾ ಜಿ ಕಡೆಗೆ ಹೋದಾಗ ಸಹಿಸಿಕೊಳ್ಳುತ್ತದೆ. ಅರ್ಧ ಸ್ವರ ಮೇಲಕ್ಕೆ, ಒಂದೂವರೆ ಮನೆಗೆ, ಹೋದರೆ ಪ್ರತಿ ಮೀಟೂ ಅಪಸ್ವರ. ಅಂಥ ಜಾಗದಲ್ಲಿ ಮೃದಂಗವನ್ನು ಸುಮ್ಮನಿರಿಸಿ ಅಥವಾ ಎರಡನೇ ಮೃದಂಗ ಬೇಕೆಂದು ಪಟ್ಟಿಯಲ್ಲಿ ಬರೆಯಿರಿ. ಆರ್ಕೆಸ್ಟ್ರಾ ಶ್ರುತಿ ಕೂಡಿಸುವ ಎ ಸ್ವರ 440 ಹರ್ಟ್ಜ್‌ನಲ್ಲಿದೆಯೋ 442ರಲ್ಲಿದೆಯೋ ಎಂದೂ ಮೊದಲೇ ಕೇಳಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಹಾಲ್‌ನಲ್ಲಿ ಎಡಗಡೆ ಹಚ್ಚಿದ ರವೆ ಬೇಗ ಒಣಗುತ್ತದೆ, ಬಲಗಡೆಯ ಶ್ರುತಿಯೂ ಏರುತ್ತದೆ. ನಡುವೆ ಎಲ್ಲಾದರೂ ಅರ್ಧ ನಿಮಿಷ, ಆರ್ಕೆಸ್ಟ್ರಾ ಜೋರಾಗಿರುವ ಕಡೆ, ಮೃದಂಗಕ್ಕೆ ಬಿಡುವು ಇಟ್ಟರೆ ಸರಿಪಡಿಸಿಕೊಳ್ಳುತ್ತಾರೆ.

——

ನೇಪಥ್ಯ ಉತ್ತರ:

ಮೇಲಿನ ಮೂರೂ ಉತ್ತರಗಳನ್ನು ಒಪ್ಪುತ್ತೇನೆ. ಕಾರ್ಯಕ್ರಮ ಆರಿಸುವವರ ಕಡೆಯಿಂದ ಒಂದು ಆಕ್ಷೇಪಣೆ ಇದೆ: 12 ನಿಮಿಷ ಮತ್ತು ಮುಂದೆ ಒಬ್ಬ ಸೋಲೊ ವಾದಕ, ಇವೆರಡು ಜೊತೆಯಾದರೆ ಕಷ್ಟ.

ಮಾಮೂಲಿ ಕಛೇರಿಯಲ್ಲಿ ಮೊದಲಿಗೆ 8ರಿಂದ 12 ನಿಮಿಷದ ಕೃತಿ, ಆಮೇಲೆ 20–30 ನಿಮಿಷದ ಕನ್ಚರ್ಟೊ, ವಿರಾಮ, ಸಿಂಫನಿ. ಹೊಸ ಕೃತಿಗೆ ಸಿಗುವುದು ಹೆಚ್ಚಾಗಿ ಮೊದಲ ಜಾಗ. ಅಲ್ಲಿ ಸೋಲೊ ವಾದಕರಿದ್ದರೆ ಅವರ ಸಂಭಾವನೆ, ಹೋಟೆಲ್, ಮೈಕ್ ಎಲ್ಲ ಸೇರಿ 12 ನಿಮಿಷಕ್ಕೆ ದುಬಾರಿ. ಕನ್ಚರ್ಟೊ ಜಾಗಕ್ಕೆ ಹಾಕಿದರೆ ಚಿಕ್ಕದು. ಜೆನಿಫರ್ ಹಿಗ್ಡನ್ ಅವರ ‘ಬ್ಲೂ ಕೆಥೀಡ್ರಲ್’ ಕರ್ಟಿಸ್ ಸಂಗೀತ ಸಂಸ್ಥೆಯ 75ನೇ ವರ್ಷಕ್ಕೆಂದು ಬರೆದದ್ದು, 2000ದಲ್ಲಿ ಪ್ರೀಮಿಯರ್ ಆಯಿತು. ಆಮೇಲೆ ನೂರಾರು ಸಲ ನುಡಿಸಿದ್ದಾರೆ. ಸಂಗೀತದ ಗುಣ ಒಂದು ಕಡೆ. 12–13 ನಿಮಿಷ, ಹೊರಗಿನ ಸೋಲೊ ವಾದಕರಿಲ್ಲ ಎಂಬುದೂ ಅದಕ್ಕೆ ದಾರಿ ಮಾಡಿಕೊಟ್ಟಿತು.

ಹಾಗಾಗಿ ನಿಮ್ಮ ಮುಂದೆ ಎರಡು ದಾರಿ. ಕೃತಿಯನ್ನು 18ರಿಂದ 22 ನಿಮಿಷಕ್ಕೆ ಬೆಳೆಸಿ ನಿಜವಾದ ಕನ್ಚರ್ಟೊ ಮಾಡುವುದು. ಇಲ್ಲವೇ ಅದೇ ವಾದಕರು ಅದೇ ಸಂಜೆ ಇನ್ನೊಂದು ಹತ್ತು ನಿಮಿಷ ಏನಾದರೂ ನುಡಿಸುವಂತೆ, ಉದಾಹರಣೆಗೆ ಸ್ವತಂತ್ರ ತನಿ ಆವರ್ತನವನ್ನು, ಕಾರ್ಯಕ್ರಮದ ಸಲಹೆಯಾಗಿ ಸ್ಕೋರ್ ಜೊತೆಗೇ ಕಳಿಸುವುದು. ಎರಡನೆಯದಕ್ಕೆ ಶುಲ್ಕ ಬದಲಾಗಬೇಕಿಲ್ಲ.

ಒಂದೇ ಆರ್ಕೆಸ್ಟ್ರಾ ಬರೆಸುವ ಬದಲು ನಾಲ್ಕೈದು ಸೇರಿ ಬರೆಸಿದರೆ ಎರಡನೇ, ಮೂರನೇ ಕಛೇರಿ ಒಪ್ಪಂದದಲ್ಲೇ ಬಂದುಬಿಡುತ್ತದೆ. ಜೋನ್ ಟವರ್ ಅವರ ‘ಮೇಡ್ ಇನ್ ಅಮೆರಿಕ’ 2005ರಲ್ಲಿ ಹೀಗೆ ಶುರುವಾಗಿ ಐವತ್ತೂ ರಾಜ್ಯಗಳ 65 ಆರ್ಕೆಸ್ಟ್ರಾಗಳನ್ನು ತಲುಪಿತು. ಅವುಗಳಲ್ಲಿ ಹೆಚ್ಚಿನವು ಸಣ್ಣ ಬಜೆಟ್‌ನವು, ಒಂಟಿಯಾಗಿ ಅಂಥ ಕೃತಿ ಬರೆಸುವ ಶಕ್ತಿ ಅವಕ್ಕಿರಲಿಲ್ಲ. ಲೀಗ್ ಆಫ್ ಅಮೆರಿಕನ್ ಆರ್ಕೆಸ್ಟ್ರಾಸ್ 2022ರಲ್ಲಿ ಪ್ರಕಟಿಸಿದ ಟೂಲ್ಮಿನ್ ಯೋಜನೆಯಲ್ಲೂ ಆರು ರಚನಕಾರ್ತಿಯರು, 30 ಆರ್ಕೆಸ್ಟ್ರಾ. ಒಂದೊಂದು ಕೃತಿಗೆ ಐದೈದು. ನಿಮ್ಮ ಆರ್ಕೆಸ್ಟ್ರಾ ಮುಖ್ಯ ಪಾಲುದಾರನಾಗಿ ‘ವಿಶ್ವ ಪ್ರೀಮಿಯರ್’ ಇಟ್ಟುಕೊಳ್ಳಲಿ, ಉಳಿದವರಿಗೆ ಅವರವರ ರಾಜ್ಯದ ಪ್ರೀಮಿಯರ್. ಎಲ್ಲರೂ 24 ತಿಂಗಳೊಳಗೆ ನುಡಿಸಬೇಕು ಎಂಬ ಗಡುವು ಕಡ್ಡಾಯ.

ಪ್ರೀಮಿಯರ್ ಆದ ಎರಡು ಮೂರು ವಾರದೊಳಗೆ ಕಂಡಕ್ಟರ್‌ಗಳಿಗೆ ಪತ್ರ ಹೋಗಬೇಕು. ಆರ್ಕೆಸ್ಟ್ರಾಗಳು ಒಂದೂವರೆ ಎರಡು ವರ್ಷ ಮುಂದಿನ ಋತುವಿನ ಲೆಕ್ಕದಲ್ಲಿರುತ್ತವೆ, ತಡ ಮಾಡಿದಷ್ಟೂ ಆ ಋತು ಕೈತಪ್ಪುತ್ತದೆ. ಪತ್ರದ ಮೊದಲ ಎರಡು ಸಾಲಲ್ಲೇ ಅವಧಿ, ವಾದ್ಯಪಟ್ಟಿ, ಎಷ್ಟು ರಿಹರ್ಸಲ್ ಸಮಯದಲ್ಲಿ ಸಿದ್ಧವಾಯಿತು ಎಂಬುದು ಇರಲಿ. ‘70 ನಿಮಿಷದ ರಿಹರ್ಸಲ್‌ನಲ್ಲಿ ನಿಂತಿತು’ ಎಂಬ ವಾಕ್ಯ ಹೊಗಳಿಕೆಯ ವಿಮರ್ಶೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸ್ಕೋರ್‌ನ ಪಿಡಿಎಫ್, ಧ್ವನಿಮುದ್ರಣದ ಲಿಂಕ್, ‘4:10ರಿಂದ ಕೇಳಿ’ ಎಂಬ ಸೂಚನೆ ಸಾಕು. 60 ಪದದ ಒಂದು, 200 ಪದದ ಒಂದು ಟಿಪ್ಪಣಿ ಸಿದ್ಧವಿರಲಿ.

ಧ್ವನಿಮುದ್ರಣದ ಬಗ್ಗೆ ಒಂದು ತಾಂತ್ರಿಕ ಮಾತು. ಹಾಲ್‌ನ ಎರಡು ತೂಗುಮೈಕ್‌ಗಳಿಂದ ಮಾತ್ರ ಮುದ್ರಿಸಿದರೆ ಸ್ಪೀಕರ್‌ನಿಂದ ಬರುವ ಮೃದಂಗ ದೂರದಲ್ಲಿ ಗುಡುಗಿದಂತೆ ಕೇಳುತ್ತದೆ, ಬೆರಳಿನ ಕೆಲಸವೆಲ್ಲ ಮುಚ್ಚಿಹೋಗುತ್ತದೆ. ಮೃದಂಗದ ಎಡಕ್ಕೊಂದು ಬಲಕ್ಕೊಂದು ಮೈಕ್ ಹಾಕಿ ಬೇರೆ ಟ್ರ್ಯಾಕ್ ತೆಗೆಯಿರಿ, ಆಮೇಲೆ ಬೆರೆಸಬಹುದು. ಕೊನೆಯ ರಿಹರ್ಸಲ್ ಕೂಡ ಮುದ್ರಿಸಿದರೆ ಕೆಮ್ಮು ಬಿದ್ದ ಜಾಗಕ್ಕೆ ತೇಪೆ ಸಿಗುತ್ತದೆ. ಇದಕ್ಕೂ ಯೂನಿಯನ್ ಒಪ್ಪಿಗೆ ಬೇಕು, ಅದೇ ಸಾಲಿನಲ್ಲಿ ಸೇರಿಸಿ.

——

ಮಧ್ಯಮಕಾಲ:

ತುಂಬ ಉಪಕಾರವಾಯಿತು. ಈ ಅಂಶಗಳನ್ನೆಲ್ಲ ಕರಡಿನ ಪಕ್ಕದಲ್ಲಿ ಬರೆದು ಕಳಿಸುತ್ತಿದ್ದೇನೆ. ಎರಡು ಪ್ರಶ್ನೆ ಉಳಿದಿವೆ. ಮೃದಂಗವಿಲ್ಲದೆಯೂ ನುಡಿಸುವಂತೆ, ಅದರ ಜಾಗಕ್ಕೆ ಆರ್ಕೆಸ್ಟ್ರಾದ ತಾಳವಾದ್ಯ ಇಟ್ಟು ಬರೆದರೆ ದಾರಿ ಸುಲಭವಾಗುತ್ತದೆಯೇ? ಬೆಂಗಳೂರಿಗೆ ಯಾವ ರೂಪ ಹೊಂದುತ್ತದೆ?

——

ಅರುದಿ_ತೀರ್ಮಾನ:

ಮೃದಂಗ ತೆಗೆಯಬೇಡಿ. ಬಾಂಗೋ, ಟಾಮ್‌ಟಾಮ್‌ಗಳಲ್ಲಿ ಅದೇ ಸೊಲ್ಲು ಬರೆದರೆ ಲಯದ ಲೆಕ್ಕ ಉಳಿಯುತ್ತದೆ, ನಾದ ಹೋಗುತ್ತದೆ. ಮೃದಂಗದ ಹೊಡೆತಗಳಾದ ಚಾಪು, ಮೀಟು, ಎಡಗಡೆಯ ಗುಮಕಿ ಯಾವುದೂ ಅಲ್ಲಿಲ್ಲ. ಸುಲಭದ ರೂಪ ಇದೆ ಎಂದು ಗೊತ್ತಾದರೆ ಎಲ್ಲರೂ ಅದನ್ನೇ ಆರಿಸುತ್ತಾರೆ, ಮೂಲ ರೂಪ ಮತ್ತೆ ಕೇಳಿಸುವುದೇ ಇಲ್ಲ. ಮೃದಂಗ ಹಾಗೇ ಇಟ್ಟು ಆರ್ಕೆಸ್ಟ್ರಾವನ್ನು ಚಿಕ್ಕದು ಮಾಡಿ.

——

ನೇಪಥ್ಯ:

ಆ ಮಾತಿಗೆ ನನ್ನದೂ ಒಪ್ಪಿಗೆ. ಬೆಂಗಳೂರಿಗೆ ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೊಲಿನ್, ವಯೊಲಾ, ಚೆಲ್ಲೊ), ಡಬಲ್ ಬಾಸ್, ಮೃದಂಗ ಸಾಕು. ಜೋಡಿ ಓಬೊ, ಬಸೂನ್, ಹಾರ್ನ್ ಇರುವ ತಂಡವನ್ನು ಅಲ್ಲಿ ಕೂಡಿಸುವುದು ಕಷ್ಟ, ನಾಲ್ಕೈದು ಒಳ್ಳೆಯ ತಂತಿವಾದಕರು ಮತ್ತು ಮೃದಂಗದವರು ಸಿಗುತ್ತಾರೆ. ಎರಡು ರೂಪ ಇದ್ದರೆ ಕೃತಿಗೆ ಲಾಭವೇ ಹೊರತು ನಷ್ಟವಿಲ್ಲ. ಕೋಪ್ಲೆಂಡ್ ಅವರ ‘ಅಪಲಾಚಿಯನ್ ಸ್ಪ್ರಿಂಗ್’ 1944ರ ಅಕ್ಟೋಬರ್‌ನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ನೃತ್ಯದ ಜೊತೆ 13 ವಾದ್ಯಗಳಿಗೆಂದು ಮೊದಲು ಕೇಳಿಸಿದ್ದು. ಮರುವರ್ಷ ಅವರು ಪೂರ್ಣ ಆರ್ಕೆಸ್ಟ್ರಾಗೆ ಸೂಟ್ (ಆಯ್ದ ಭಾಗಗಳ ಕಛೇರಿ ರೂಪ) ಮಾಡಿದರು. ಇವತ್ತು ಎರಡೂ ಚಾಲ್ತಿಯಲ್ಲಿವೆ, ತಂಡದ ಅಳತೆ ನೋಡಿ ಆರಿಸಿಕೊಳ್ಳುತ್ತಾರೆ. ನಿಮ್ಮದು ಅದರ ತಿರುಗುಮುರುಗು. ಬರೆಯುವಾಗಲೇ ಗಾಳಿವಾದ್ಯದ ಮುಖ್ಯ ಸಾಲುಗಳು ತಂತಿಯಲ್ಲೂ ಕೂರುತ್ತವೆಯೇ ಎಂದು ನೋಡುತ್ತ ಹೋಗಿ. ಹಾರ್ನ್‌ನ ಉದ್ದನೆಯ ಹಿಡಿತಗಳು ವಯೊಲಾಗೆ ಹೋಗುತ್ತವೆ, ಟ್ರಂಪೆಟ್ ಜೋಡಿಯ ಚಿಕ್ಕ ಹೊಡೆತಗಳಿಗೆ ಎರಡು ತಂತಿ ಒಟ್ಟಿಗೆ ಮೀಟುವ ಪಿಜಿಕಾಟೊ ಹೊಂದುತ್ತದೆ.

——

ಎರಡನೇಕಛೇರಿ:

ಹಾಗಿದ್ದರೆ ಒಪ್ಪಂದಕ್ಕೆ ಇನ್ನೊಂದು ಸಾಲು: ‘ಪ್ರತ್ಯೇಕ ಹಕ್ಕು ಆರ್ಕೆಸ್ಟ್ರಾ ರೂಪಕ್ಕೆ ಮಾತ್ರ, ಬೇರೆ ರೂಪಗಳಿಗೆ ಅನ್ವಯಿಸುವುದಿಲ್ಲ.’ ಪ್ರೀಮಿಯರ್ ದಿನ ದಾಟಿದ ಕೂಡಲೇ ಬೆಂಗಳೂರಿನಲ್ಲಿ ಕ್ವಾರ್ಟೆಟ್ ರೂಪ ನುಡಿಸಬಹುದು.

ಎರಡೂ ರೂಪಗಳನ್ನು ಬೇರೆ ಬೇರೆ ಕೃತಿಗಳಾಗಿ, ಅವಧಿ ಮತ್ತು ವಾದ್ಯಪಟ್ಟಿಯ ಸಮೇತ, ರಾಯಲ್ಟಿ ವಸೂಲಿ ಮಾಡಿಕೊಡುವ ಹಕ್ಕುಸಂಘದಲ್ಲಿ ನೋಂದಾಯಿಸಿ. ಅಮೆರಿಕದಲ್ಲಿದ್ದರೆ ಆಸ್ಕ್ಯಾಪ್ ಅಥವಾ ಬಿಎಂಐ, ಭಾರತದಲ್ಲಿದ್ದರೆ ಐಪಿಆರ್‌ಎಸ್. ನೋಂದಣಿ ಪ್ರೀಮಿಯರ್‌ಗೆ ಮುಂಚೆಯೇ ಆಗಿರಲಿ. ಪ್ರತಿ ಕಛೇರಿಯ ಮುದ್ರಿತ ಕಾರ್ಯಕ್ರಮ ಪತ್ರಿಕೆಯ ಒಂದು ಪ್ರತಿ ತರಿಸಿ ಇಟ್ಟುಕೊಳ್ಳಿ, ರಾಯಲ್ಟಿ ಬಾರದಿದ್ದಾಗ ತೋರಿಸಲು ಅದೇ ದಾಖಲೆ. ತಿದ್ದಿದ ಕರಡನ್ನು ಆರ್ಕೆಸ್ಟ್ರಾಗೆ ಕಳಿಸುವ ಮುಂಚೆ ಅಲ್ಲಿನ ಕಾಪಿರೈಟ್ ವಕೀಲರೊಬ್ಬರಿಗೆ ಒಮ್ಮೆ ಓದಿಸಿ. ಹಕ್ಕು, ಪರಿಷ್ಕರಣೆ, ಧ್ವನಿಮುದ್ರಣ, ಗಡುವು, ಈ ನಾಲ್ಕು ಕಲಮುಗಳನ್ನು ಮಾತ್ರ ನೋಡಿಸಿದರೂ ಸಾಕು.